ನಡುರಾತ್ರಿಯ ಮೆಟಲ್: ರಿಕಿ ರಾಕ್ಟ್‌ಮನ್ ಮತ್ತು ಎಂಟಿವಿಯ ನಿರೂಪಕ ಪೀಠ

1990ರ ಜನವರಿಯಲ್ಲಿ ಅಮೆರಿಕದ ಎಂಟಿವಿ ತನ್ನ ಶನಿವಾರ ನಡುರಾತ್ರಿಯ 'ಹೆಡ್‌ಬ್ಯಾಂಗರ್ಸ್ ಬಾಲ್' ಕಾರ್ಯಕ್ರಮವನ್ನು ರಿಕಿ ರಾಕ್ಟ್‌ಮನ್ ಅವರ ಕೈಗೆ ಕೊಟ್ಟಿತು. ಅವರು ಟಿವಿಯಲ್ಲಿ ಪಳಗಿದವರಲ್ಲ, ಹಾಡಿ ಹೆಸರು ಮಾಡಿದವರೂ ಅಲ್ಲ. ಲಾಸ್ ಏಂಜಲೀಸ್‌ನಲ್ಲಿ ರಾಕ್ ಕ್ಲಬ್ ನಡೆಸುತ್ತಿದ್ದವರು. ಮುಂದಿನ ಐದು ವರ್ಷ ಅಮೆರಿಕದ ಹೆವಿ ಮೆಟಲ್ ಕೇಳುಗರಿಗೆ ಟಿವಿಯಲ್ಲಿ ಕಂಡ ಮುಖ್ಯ ಮುಖ ಅವರದೇ. ಮೆಟಲ್ ಇತಿಹಾಸಕಾರರು ವಾದ್ಯವೃಂದ, ಧ್ವನಿಮುದ್ರಣ ಕಂಪನಿ, ಅಭಿಮಾನಿಗಳ ಬಗ್ಗೆ ಬರೆದಷ್ಟು ಇಂಥ ನಿರೂಪಕರ ಬಗ್ಗೆ ಬರೆದಿಲ್ಲ. ಡೀನಾ ವೈನ್‌ಸ್ಟೀನ್ 1991ರ ತಮ್ಮ ಸಮಾಜಶಾಸ್ತ್ರೀಯ ಅಧ್ಯಯನದಲ್ಲಿ ಮಾಧ್ಯಮಗಳಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟರೂ ಈ ಕೊರತೆ ಪೂರ್ತಿ ನೀಗಿಲ್ಲ. ರಾಕ್ಟ್‌ಮನ್ ಅವರಿಗೆ ಸಿಕ್ಕಿದ್ದು ಮುಖದ ಕೆಲಸ, ಆಯ್ಕೆಯ ಅಧಿಕಾರವಲ್ಲ. ಅವರ ವೃತ್ತಿಯ ಏರಿಳಿತವನ್ನು ಈ ಅಂತರದಿಂದಲೇ ಅರ್ಥಮಾಡಿಕೊಳ್ಳಬೇಕು ಎಂಬುದು ಈ ಲೇಖನದ ವಾದ.

ಪೀಠಕ್ಕೆ ಅವರಿಗಿಂತ ಹಿಂದಿನ ಚರಿತ್ರೆಯಿದೆ. 1981ರ ಆಗಸ್ಟ್ 1ರಂದು ಶುರುವಾದ ಎಂಟಿವಿಗೆ ಮೆಟಲ್ ಜೊತೆಗಿನ ನಂಟು ಎಂದೂ ನೆಟ್ಟಗಿರಲಿಲ್ಲ. ವಿಡಿಯೊಗಳನ್ನು ಮಾಡಿಸಿ ಕೊಡುತ್ತಿದ್ದವರು ಧ್ವನಿಮುದ್ರಣ ಕಂಪನಿಗಳು. ಅದು ಅವರಿಗೆ ಪ್ರಚಾರ, ವಾಹಿನಿಗೆ ಸರಕು. ಉದ್ದ ಕೂದಲು, ಹೊಗೆ, ಬೆಂಕಿಯ ಮೆಟಲ್ ವಿಡಿಯೊಗಳನ್ನು ಹುಡುಗರು ಮುಗಿಬಿದ್ದು ನೋಡುತ್ತಿದ್ದರು. ಪೋಷಕರಿಗೂ ಜಾಹೀರಾತುದಾರರಿಗೂ ಅವು ಮುಜುಗರ. 1985ರ ಜೂನ್‌ನಲ್ಲಿ ವಾಹಿನಿ ಹೂಡಿದ ಉಪಾಯ 'ಹೆವಿ ಮೆಟಲ್ ಮೇನಿಯಾ' ಎಂಬ ಪ್ರತ್ಯೇಕ ಕಾರ್ಯಕ್ರಮ. ನಿರೂಪಕರು ಟ್ವಿಸ್ಟೆಡ್ ಸಿಸ್ಟರ್ ತಂಡದ ಗಾಯಕ ಡೀ ಸ್ನೈಡರ್. ಅದೇ ವರ್ಷ ಸೆಪ್ಟೆಂಬರ್ 19ರಂದು ಹಾಡುಗಳ ಅಶ್ಲೀಲತೆಯ ಬಗ್ಗೆ ಸೆನೆಟ್ ಸಮಿತಿ ನಡೆಸಿದ ವಿಚಾರಣೆಯಲ್ಲಿ ಸಂಗೀತಗಾರರಾದ ಫ್ರಾಂಕ್ ಝಾಪಾ, ಜಾನ್ ಡೆನ್ವರ್ ಜೊತೆ ಸಾಕ್ಷ್ಯ ನುಡಿದವರೂ ಅವರೇ. ಟಿಪ್ಪರ್ ಗೋರ್ ಮತ್ತಿತರರ ಪೋಷಕರ ಒಕ್ಕೂಟ ಆಕ್ಷೇಪಾರ್ಹವೆಂದು ಪಟ್ಟಿ ಮಾಡಿದ್ದ ಹದಿನೈದು ಹಾಡುಗಳಲ್ಲಿ ಅವರ ತಂಡದ್ದೂ ಒಂದಿತ್ತು. ಸಂಸತ್ತಿನ ಮುಂದೆ ಮೆಟಲ್ ಪರ ವಾದಿಸಿದ ಮನುಷ್ಯನಿಗೆ ಟಿವಿ ನಿರೂಪಣೆಗೆ ಸಂಭಾವನೆ ಮಾತ್ರ ಹುಟ್ಟಲಿಲ್ಲ. ಬಿಟ್ಟು ಹೊರಟಿದ್ದು ಆ ಕಾರಣಕ್ಕೇ ಎಂದು ಸ್ನೈಡರ್ ಹೇಳಿಕೊಂಡಿದ್ದಾರೆ. ನಿರೂಪಕನ ಬೆಲೆ ಎಷ್ಟು ಎಂಬುದು ಆಗಲೇ ತಿಳಿದುಹೋಗಿತ್ತು.

1987ರ ಏಪ್ರಿಲ್‌ನಲ್ಲಿ 'ಹೆವಿ ಮೆಟಲ್ ಮೇನಿಯಾ' ಜಾಗಕ್ಕೆ 'ಹೆಡ್‌ಬ್ಯಾಂಗರ್ಸ್ ಬಾಲ್' ಬಂತು. ಮೊದಲು ಕೆವಿನ್ ಸೀಲ್, ಆಮೇಲೆ ಆಡಂ ಕರಿ. ಇಬ್ಬರೂ ವಾಹಿನಿಯ ಸಾಮಾನ್ಯ ನಿರೂಪಕರು. ಕರಿ ನೆದರ್‌ಲ್ಯಾಂಡ್ಸ್‌ನಲ್ಲಿ ಬೆಳೆದು ಅಲ್ಲಿನ ಟಿವಿಯಲ್ಲಿ ನುರಿತವರು. ಚೆನ್ನಾಗಿ ಬಾಚಿದ ಹೊಂಬಣ್ಣದ ಕೂದಲಿನ ಈ ಯುವಕ ಸ್ಲೇಯರ್ ತಂಡದ ವಿಡಿಯೊ ಪರಿಚಯಿಸುವುದು ಅಭಿಮಾನಿಗಳ ಕಣ್ಣಿಗೆ ಅಷ್ಟೇನೂ ಒಗ್ಗಿರಲಾರದು. ಆದರೂ ಕಾರ್ಯಕ್ರಮ ಬೆಳೆಯಿತು. ಸಂಗೀತಶಾಸ್ತ್ರಜ್ಞ ರಾಬರ್ಟ್ ವಾಲ್ಸರ್ 1993ರ ತಮ್ಮ ಪುಸ್ತಕದಲ್ಲಿ ಕೊಡುವ ಲೆಕ್ಕದಂತೆ ವಾರಕ್ಕೆ ಸುಮಾರು 13 ಲಕ್ಷ ವೀಕ್ಷಕರೊಂದಿಗೆ ಅದು ಎಂಟಿವಿಯ ಅತ್ಯಂತ ಜನಪ್ರಿಯ ಕಾರ್ಯಕ್ರಮವಾಗಿತ್ತು. 1989ರಲ್ಲಿ ಅದರ ಹೆಸರಿಟ್ಟುಕೊಂಡೇ ಆಂಥ್ರಾಕ್ಸ್, ಎಕ್ಸೊಡಸ್, ಹೆಲೋವೀನ್ ತಂಡಗಳು ಒಟ್ಟಾಗಿ ಪ್ರವಾಸ ಹೊರಟವು. ಮುಜುಗರವೆಂದು ನಡುರಾತ್ರಿಗೆ ತಳ್ಳಿದ್ದೇ ಹೀಗೆ ಲಾಭದ ಬಾಬತ್ತಾಯಿತು.

ರಾಕ್ಟ್‌ಮನ್ ಬಂದದ್ದು ಈ ಘಟ್ಟದಲ್ಲಿ. ಅವರ ಬಂಡವಾಳ ಕ್ಲಬ್. 1986ರಲ್ಲಿ ಫಾಸ್ಟರ್ ಪುಸಿಕ್ಯಾಟ್ ತಂಡದ ಗಾಯಕ ಟೈಮ್ ಡೌನ್ ಜೊತೆ ಸೇರಿ ಅವರು ತೆರೆದ 'ಕ್ಯಾಟ್‌ಹೌಸ್' ಲಾಸ್ ಏಂಜಲೀಸ್‌ನ ಗ್ಲಾಮ್ ಮೆಟಲ್ ಮಂದಿ ವಾರವಾರ ಸೇರುವ ಅಡ್ಡೆಯಾಯಿತು. ಗನ್ಸ್ ಎನ್ ರೋಸಸ್ ತಂಡ ಒಂದು ವಿಡಿಯೊವನ್ನು ಅಲ್ಲೇ ಚಿತ್ರೀಕರಿಸಿತು. ಆ ತಂಡದ ಆಕ್ಸೆಲ್ ರೋಸ್ ರಾಕ್ಟ್‌ಮನ್ ಅವರ ಗೆಳೆಯ. ಎಂಟಿವಿಯ ಬಾಗಿಲು ತೆರೆದದ್ದು ರೋಸ್ ಅವರ ಶಿಫಾರಸು. ದೇಶದ ಅತ್ಯಂತ ದೊಡ್ಡ ರಾಕ್ ಗಾಯಕನೇ ಬೆನ್ನಿಗೆ ನಿಂತ ಅಭ್ಯರ್ಥಿಯನ್ನು ವಾಹಿನಿ ಬೇಡವೆನ್ನುವುದುಂಟೇ? ಹೀಗೆ ಸ್ನೈಡರ್ ನಂತರ ಪೀಠಕ್ಕೆ ಮೊದಲ ಬಾರಿ 'ನಮ್ಮವ' ಎನ್ನಿಸುವ ಮನುಷ್ಯ ಬಂದ: ಉದ್ದ ಕೂದಲು, ಹಚ್ಚೆ, ತಂಡಗಳ ಜೊತೆ ಸಲುಗೆಯ ಮಾತು. ಓದಿಕೊಂಡು ಬಂದ ಪ್ರಶ್ನೆ ಕಡಿಮೆ, ಹರಟೆ ಜಾಸ್ತಿ. ವಿಮರ್ಶಕನ ಕಣ್ಣಿಗೆ ಇದು ದೋಷವೇ. ಆದರೆ ಸಂದರ್ಶನಕ್ಕಿಂತ ಒಡನಾಟ ನೋಡಲು ನಡುರಾತ್ರಿ ಎದ್ದು ಕೂತವರಿಗೆ ಅದೇ ಬೇಕಿತ್ತು.

ಆದರೆ ಈ ಸಲುಗೆಗೆ ಒಂದು ಊರಿನ, ಒಂದು ಕಾಲದ ಗುರುತು ಅಂಟಿಕೊಂಡಿತ್ತು. ಪಾಯ್ಸನ್, ವಾರಂಟ್, ವಿಂಗರ್ ಬಗೆಯ ಗ್ಲಾಮ್ ತಂಡಗಳ ಲೋಕದಿಂದ ಬಂದವರು ಅವರು. ಥ್ರ್ಯಾಶ್, ಡೆತ್ ಮೆಟಲ್‌ನಂಥ ಉಗ್ರ ಬಗೆಗಳನ್ನು ಬಯಸುವವರಿಗೆ ಅವರ ಮೇಲೆ ಮೊದಲಿನಿಂದಲೂ ಅನುಮಾನ. ಯಾವ ವಿಡಿಯೊ ಹಾಕಬೇಕೆಂಬುದು ತನ್ನ ಕೈಯಲ್ಲಿರಲಿಲ್ಲ ಎಂದು ರಾಕ್ಟ್‌ಮನ್ ಆಮೇಲಿನ ಸಂದರ್ಶನಗಳಲ್ಲಿ ಹೇಳುತ್ತ ಬಂದಿದ್ದಾರೆ. ಅದನ್ನು ನಂಬದಿರಲು ಕಾರಣವಿಲ್ಲ. ಎಂಟಿವಿಯಲ್ಲಿ ಹಾಡುಗಳ ಪಟ್ಟಿ ತಯಾರಿಸುತ್ತಿದ್ದದ್ದು ಕಾರ್ಯಕ್ರಮ ವಿಭಾಗ. ಪರದೆಯ ಮೇಲೆ ಕಂಡವನಿಗೇ ಬೈಗುಳ ಸಲ್ಲುತ್ತಿತ್ತು.

1991ರ ಅಕ್ಟೋಬರ್‌ನ ಒಂದು ಕಂತನ್ನು ತುಸು ಹತ್ತಿರದಿಂದ ನೋಡಬಹುದು. ಸಿಯಾಟಲ್‌ನ ರಾಕ್ ಬಳಗದ ನಿರ್ವಾಣ ತಂಡದ 'ನೆವರ್‌ಮೈಂಡ್' ಆಲ್ಬಂ ಬಿಡುಗಡೆಯಾಗಿ ತಿಂಗಳಷ್ಟೇ ಆಗಿತ್ತು. ಅತಿಥಿಗಳು ಆ ತಂಡದ ಕರ್ಟ್ ಕೊಬೇನ್, ಕ್ರಿಸ್ಟ್ ನೊವೊಸೆಲಿಚ್. ಕೊಬೇನ್ ಹಳದಿ ಬಣ್ಣದ, ಹೆಂಗಸರು ತೊಡುವ ನೃತ್ಯಕೂಟದ ಗೌನ್ ಹಾಕಿಕೊಂಡು ಬಂದು ಕೂತರು. ಕಾರ್ಯಕ್ರಮದ ಹೆಸರಿನಲ್ಲೇ 'ಬಾಲ್', ಅಂದರೆ ನೃತ್ಯಕೂಟ, ಇದೆಯಲ್ಲ, ಅದಕ್ಕೇ ಈ ಉಡುಪು ಎಂಬುದು ಅವರ ಸಮಜಾಯಿಷಿ. ಜೊತೆಗಾರ ತನಗೆ ಹೂ ತಂದುಕೊಡಲಿಲ್ಲವೆಂಬ ದೂರು ಬೇರೆ. ರಾಕ್ಟ್‌ಮನ್ ನಕ್ಕು ಮುಂದುವರಿಸಿದರು, ಮಾತು ತಡವರಿಸುತ್ತ ಸಾಗಿತು. ಗಂಡಸುತನದ ಗತ್ತನ್ನೇ ಉಟ್ಟು ಮೆರೆಯುತ್ತಿದ್ದ ವೇದಿಕೆಯನ್ನು ಕೊಬೇನ್ ಹೀಗೆ ಗೇಲಿ ಮಾಡಿದರೆಂದು ಸಾಮಾನ್ಯವಾಗಿ ಬರೆಯುತ್ತಾರೆ. ಸರಿಯೇ, ಆದರೆ ಅರ್ಧ ಸರಿ. ಗ್ಲಾಮ್ ತಂಡಗಳವರು ತುಟಿಗೆ ಬಣ್ಣ ಹಚ್ಚಿ, ಕೂದಲು ಗಾಳಿಗುಬ್ಬಿಸಿ ಅದೇ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತಿದ್ದರು; ಅದನ್ನು ಯಾರೂ ಹೆಣ್ಣುಡುಗೆಯ ಗೇಲಿ ಎಂದಿರಲಿಲ್ಲ. ಹೊಸದಿದ್ದದ್ದು ಉಡುಗೆಯಲ್ಲಿ ಅಲ್ಲ, ನಿರೂಪಕನ ಸಲುಗೆಯನ್ನು ಒಪ್ಪಿಕೊಳ್ಳದ ಅತಿಥಿಯ ನಿಲುವಿನಲ್ಲಿ. ಕ್ಯಾಟ್‌ಹೌಸ್‌ನ ಸ್ನೇಹ ಸಿಯಾಟಲ್‌ನವರ ಬಳಿ ನಡೆಯುವಂತಿರಲಿಲ್ಲ.

ಆದರೂ ಅವರು ಹೊಂದಿಕೊಳ್ಳಲು ನೋಡಿದರು. 1993ರಲ್ಲಿ ಸಿಯಾಟಲ್‌ನದೇ ಆದ ಆಲಿಸ್ ಇನ್ ಚೈನ್ಸ್ ತಂಡವನ್ನು ನ್ಯೂಜೆರ್ಸಿಯ 'ಆಕ್ಷನ್ ಪಾರ್ಕ್' ಎಂಬ ನೀರಾಟದ ಉದ್ಯಾನಕ್ಕೆ ಕರೆದೊಯ್ದು, ಈಜುಡುಗೆಯಲ್ಲಿ ಜಾರುಬಂಡೆಗಳ ನಡುವೆ ಮಾತಾಡಿಸಿದರು. ಖಿನ್ನತೆಯ ಹಾಡುಗಳಿಗೆ ಹೆಸರಾದವರು ನೀರಲ್ಲಿ ಬಿದ್ದು ಎದ್ದು ನಗುವ ಆ ಕಂತು ಇಂದಿಗೂ ಅಭಿಮಾನಿಗಳ ಅಚ್ಚುಮೆಚ್ಚು. ನನ್ನ ಮಟ್ಟಿಗೆ ರಾಕ್ಟ್‌ಮನ್ ಅವರ ಶಕ್ತಿ ಪೂರ್ತಿ ಕಾಣುವುದು ಸ್ಟುಡಿಯೋದಲ್ಲಲ್ಲ, ಇಲ್ಲಿ. ಅಷ್ಟರಲ್ಲಿ ಎಂಟಿವಿಯೇ ಗ್ಲಾಮ್ ಲೋಕವನ್ನು ನಗೆಪಾಟಲು ಮಾಡಲು ಹೊರಟಿತ್ತು. ಅದೇ ವರ್ಷ ಶುರುವಾದ 'ಬೀವಿಸ್ ಆಂಡ್ ಬಟ್‌ಹೆಡ್' ಕಾರ್ಟೂನಿನಲ್ಲಿ ಎಲ್ಲರೂ ಹೀಯಾಳಿಸುವ ಪೆದ್ದ ಹುಡುಗನಿಗೆ ತೊಡಿಸಿದ್ದು ವಿಂಗರ್ ತಂಡದ ಅಂಗಿ. 1995ರ ಆರಂಭದಲ್ಲಿ ವಾಹಿನಿ 'ಬಾಲ್' ನಿಲ್ಲಿಸಿತು.

ಮೆಟಲ್‌ಗೆ ಕೇಳುಗರೇ ಉಳಿದಿರಲಿಲ್ಲ ಎಂಬ ವಿವರಣೆ ಇಲ್ಲಿ ನಿಲ್ಲದು. ಲಂಡನ್ನಿನಿಂದ ವನೆಸ್ಸಾ ವಾರ್ವಿಕ್ ನಡೆಸುತ್ತಿದ್ದ 'ಬಾಲ್'ನ ಯುರೋಪಿನ ಆವೃತ್ತಿ 1997ರವರೆಗೂ ಮುಂದುವರಿಯಿತು. ನಿಂತದ್ದು ಅಮೆರಿಕದ ವಾಹಿನಿಯ ಲೆಕ್ಕಾಚಾರದಲ್ಲಿ. ರಾಕ್ಟ್‌ಮನ್ ಹೆಸರು ತೀರಿದ ಯುಗವೊಂದಕ್ಕೆ ಅಂಟಿಹೋಗಿದ್ದರಿಂದ ಟಿವಿಯಲ್ಲಿ ಅವರಿಗೆ ಅಂಥದೇ ಜಾಗ ಮತ್ತೆ ಸಿಗಲಿಲ್ಲ. ಡಾ. ಡ್ರೂ ಪಿನ್ಸ್ಕಿ ಜೊತೆ 'ಲವ್‌ಲೈನ್' ರೇಡಿಯೊ ಕಾರ್ಯಕ್ರಮ, ಆಮೇಲೆ ನಾಸ್ಕಾರ್ ಕಾರು ರೇಸಿನ ಸುತ್ತ ಇನ್ನೊಂದು. ಬದುಕು ರೇಡಿಯೊದ ಕಡೆ ಹೊರಳಿತು. 2003ರಲ್ಲಿ ಎಂಟಿವಿ2 ಅದೇ ಹೆಸರಿನ ಕಾರ್ಯಕ್ರಮ ಮತ್ತೆ ತಂದಾಗ ಪೀಠ ಹೋದದ್ದು ಹೇಟ್‌ಬ್ರೀಡ್ ತಂಡದ ಗಾಯಕ ಜೇಮಿ ಜಾಸ್ತಾ ಅವರಿಗೆ.

ಇದಕ್ಕೆ ಪ್ರತಿಯಾಗಿ ಎಡ್ಡಿ ಟ್ರಂಕ್ ಅವರ ದಾರಿಯನ್ನು ಇಡಬಹುದು. 1983ರಿಂದ ನ್ಯೂಜೆರ್ಸಿಯ ರೇಡಿಯೊದಲ್ಲಿ ಮೆಟಲ್ ಹಾಡು ಹಾಕುತ್ತಿದ್ದ, ನಡುವೆ ಮೆಗಾಫೋರ್ಸ್ ಧ್ವನಿಮುದ್ರಣ ಸಂಸ್ಥೆಯಲ್ಲಿ ಕೆಲಸ ಮಾಡಿದ ಟ್ರಂಕ್ 2008ರಲ್ಲಿ ವಿಎಚ್1 ಕ್ಲಾಸಿಕ್ ವಾಹಿನಿಯಲ್ಲಿ 'ದಟ್ ಮೆಟಲ್ ಶೋ' ಶುರುಮಾಡಿದರು. ಅಲ್ಲಿ ವಿಡಿಯೊಗಳೇ ಇಲ್ಲ. ಇಬ್ಬರು ಹಾಸ್ಯಗಾರರ ಜೊತೆ ಮಾತು, ವಾದ, ಪ್ರೇಕ್ಷಕರು ಟ್ರಂಕ್ ಅವರನ್ನು ಸೋಲಿಸಲು ಕೇಳುವ ಮೆಟಲ್ ರಸಪ್ರಶ್ನೆ. ರಾಕ್ಟ್‌ಮನ್ ಅವರ ಅರ್ಹತೆ ಪರಿಚಯವಾದರೆ ಟ್ರಂಕ್ ಅವರದು ಮಾಹಿತಿ. ಹದಿನಾಲ್ಕು ಸರಣಿಗಳ ನಂತರ, 2015ರ ಬಳಿಕ, ಅದೂ ನಿಂತಿತು. ಆದರೆ ಟ್ರಂಕ್ ಟಿವಿಗೆ ಬರುವ ಮೊದಲೇ ಕಟ್ಟಿಕೊಂಡಿದ್ದ ರೇಡಿಯೊ ಕೇಳುಗರು ಯಾವ ವಾಹಿನಿಯ ಸ್ವತ್ತೂ ಆಗಿರಲಿಲ್ಲ. ಟಿವಿ ಕೈಬಿಟ್ಟ ಮೇಲೂ ಅವರು ಅಲ್ಲೇ ಮೈಕಿನ ಮುಂದೆ ಉಳಿದರು.