ಅಮರೋನೆ: ಸಿಹಿ ಕಳೆದು ಹೆಸರು ಪಡೆದ ವೈನ್

ಇಟಲಿಯ ವೆರೋನಾ ಸೀಮೆಯಲ್ಲಿ ದ್ರಾಕ್ಷಿಯನ್ನು ಒಣಗಿಸಿ ವೈನ್ ತಯಾರಿಸುವ ಪದ್ಧತಿ ಬಹಳ ಹಳೆಯದು. 6ನೆಯ ಶತಮಾನದಲ್ಲಿ ಮಂತ್ರಿ ಕ್ಯಾಸಿಯೊಡೋರಸ್ ಬರೆದ ಪತ್ರವೊಂದರಲ್ಲಿ ಅದರ ವರ್ಣನೆಯಿದೆ.

ಗೊಂಚಲುಗಳನ್ನು ಗಾಳಿಯಾಡುವ ಅಟ್ಟದಲ್ಲಿ ಮೂರು-ನಾಲ್ಕು ತಿಂಗಳು ಹರಡಿದಾಗ ನೀರು ಆವಿಯಾಗಿ, ತೂಕ ಸುಮಾರು ಮೂರನೆಯ ಒಂದು ಪಾಲು ಇಳಿಯುತ್ತದೆ, ಸಕ್ಕರೆ ಸಾಂದ್ರವಾಗುತ್ತದೆ. ಯೀಸ್ಟ್ ಅದನ್ನೆಲ್ಲ ಆಲ್ಕೊಹಾಲ್ ಆಗಿಸುವ ಮೊದಲೇ ಹುದುಗುವಿಕೆ ನಿಂತರೆ ದೊರೆಯುವುದು ಸಿಹಿಯಾದ ‘ರೆಚಿಯೊತೊ’. 1936ರಲ್ಲಿ ಮರೆತುಹೋದ ಪೀಪಾಯಿಯೊಂದರಲ್ಲಿ ಯೀಸ್ಟ್ ಸಕ್ಕರೆಯನ್ನು ಪೂರ್ತಿ ಮುಗಿಸಿತ್ತೆಂದು ಹೇಳುತ್ತಾರೆ. ಆ ವೈನ್ ‘ಅಮರೋನೆ’ ಎನಿಸಿತು. ‘ಅಮರೊ’ ಎಂದರೆ ಕಹಿ.

ವರ್ಷಗಳು ಉರುಳಿದಂತೆ ಟ್ಯಾನಿನ್ ಅಣುಗಳು ವರ್ಣದ್ರವ್ಯಗಳೊಡನೆ ಕೂಡಿಕೊಳ್ಳುತ್ತವೆ. ಒಗರು ತಗ್ಗುತ್ತದೆ, ಕಡುಗೆಂಪು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ಮಾಗಿದ ಅಮರೋನೆಯಲ್ಲಿ ಒಣದ್ರಾಕ್ಷಿಯ ಪರಿಮಳವಿರುತ್ತದೆ, ಅದರ ಸಿಹಿ ಹೆಚ್ಚಾಗಿ ಇರುವುದಿಲ್ಲ. ಕೆಟ್ಟಿತೆಂದು ಚೆಲ್ಲಬಹುದಾಗಿದ್ದ ಈ ಬಗೆಯ ವೈನಿಗೆ 2010ರಲ್ಲಿ ಇಟಲಿಯ ಅತ್ಯುನ್ನತ ದರ್ಜೆಯ ಮಾನ್ಯತೆ ದೊರೆಯಿತು.