ಹಿಂದಿನ ಕಾಲದ ತಂದೆ-ತಾಯಿ ಮಕ್ಕಳನ್ನು ಹಚ್ಚಿಕೊಳ್ಳುತ್ತಿರಲಿಲ್ಲವೇ?

‘ಹಿಂದೆ ಯುರೋಪಿನಲ್ಲಿ ಬಾಲ್ಯ ಎಂಬುದೇ ಇರಲಿಲ್ಲ. ಮಕ್ಕಳು ಬೇಗ ಸಾಯುತ್ತಿದ್ದರಿಂದ ಹೆತ್ತವರು ಅವರನ್ನು ಹಚ್ಚಿಕೊಳ್ಳುತ್ತಿರಲಿಲ್ಲ.’ ಇಂಥ ಸಂದೇಶ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಇದು ನಿಜವೇ? ನೋಡೋಣ.

ಈ ಮಾತು ಬಂದದ್ದೆಲ್ಲಿಂದ?

ಫ್ರೆಂಚ್ ಇತಿಹಾಸಕಾರ ಫಿಲಿಪ್ ಆರಿಯೆಸ್ 1960ರಲ್ಲಿ ಬರೆದ ಪುಸ್ತಕದಿಂದ. ಹಳೆಯ ಚಿತ್ರಗಳಲ್ಲಿ ಮಕ್ಕಳು ಪುಟ್ಟ ದೊಡ್ಡವರಂತೆ ಕಾಣುವುದು ಅವರಿಗೆ ಒಂದು ಪುರಾವೆಯಾಗಿತ್ತು. ಆದರೆ ಬಾಲ್ಯದ ಕಲ್ಪನೆಯೇ ಬೇರೆ, ಮಕ್ಕಳ ಮೇಲಿನ ಪ್ರೀತಿಯೇ ಬೇರೆ ಎಂದೂ ಅವರು ಎಚ್ಚರಿಸಿದ್ದರು. ಫಾರ್ವರ್ಡ್‌ಗಳಲ್ಲಿ ಆ ಎಚ್ಚರಿಕೆ ಬಿಟ್ಟುಹೋಗಿದೆ.

ನಂತರದ ಸಂಶೋಧನೆ ಏನು ಹೇಳುತ್ತದೆ?

ಲಿಂಡಾ ಪೊಲಾಕ್ ಅವರು 1500ರಿಂದ 1900ರವರೆಗಿನ ನೂರಾರು ದಿನಚರಿ, ಆತ್ಮಕಥೆಗಳನ್ನು ಓದಿ 1983ರಲ್ಲಿ ಪುಸ್ತಕ ಬರೆದರು. ಕಾಯಿಲೆ ಬಿದ್ದ ಮಗುವಿನ ಚಿಂತೆ, ತೀರಿಕೊಂಡ ಮಗುವಿನ ದುಃಖ ಅವುಗಳಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಇನ್ನೂ ಹಿಂದಿನ ಮಧ್ಯಯುಗದ ಬಗ್ಗೆ ನಿಕೋಲಸ್ ಓರ್ಮ್ 2001ರಲ್ಲಿ ಬರೆದರು. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ಆ ಕಾಲದ ಲೋಹದ ಪುಟ್ಟ ಆಟಿಕೆಗಳೇ ಸಿಕ್ಕಿವೆ. 1542ರಲ್ಲಿ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ 13 ವರ್ಷದ ಮಗಳನ್ನು ಕಳೆದುಕೊಂಡಾಗ, ತಮಗೂ ಪತ್ನಿಗೂ ಅಳು ತಡೆಯಲಾಗುತ್ತಿಲ್ಲ ಎಂದು ಸ್ನೇಹಿತರಿಗೆ ಪತ್ರ ಬರೆದರು.

ನಮಗೇಕೆ ಇದು ಮುಖ್ಯ?

ಇಂದಿಗೂ ಬಡವರ ಮನೆಯಲ್ಲಿ ಮಗು ಸತ್ತರೆ ‘ಅವರಿಗೆ ಇದೆಲ್ಲ ಅಭ್ಯಾಸ’ ಎನ್ನುವವರಿದ್ದಾರೆ. ಸಾವು ಹೆಚ್ಚಿದ್ದ ಕಾಲದಲ್ಲೂ ಯಾರಿಗೂ ಅದು ಅಭ್ಯಾಸವಾಗಿರಲಿಲ್ಲ ಎಂದು ಆ ದಿನಚರಿಗಳು ಹೇಳುತ್ತವೆ.

ನಮ್ಮ ತೀರ್ಮಾನ: ಬಾಲ್ಯದ ರೀತಿ ಕಾಲಕ್ಕೆ ತಕ್ಕಂತೆ ಬದಲಾಗಿದೆ, ನಿಜ. ಹೆತ್ತವರಿಗೆ ಪ್ರೀತಿ ಇರಲಿಲ್ಲ ಎಂಬುದು ಸುಳ್ಳು.