ಮಿದುಳಿಗೇರಿದ ತಾಮ್ರ

ತಾಮ್ರವೆಂದೊಡನೆ ನಮಗೆ ಬಚ್ಚಲಮನೆಯ ಹಂಡೆ, ದೇವರ ಮುಂದಿನ ಪಂಚಪಾತ್ರೆ, ಉದ್ಧರಣೆ ನೆನಪಿಗೆ ಬರುತ್ತವೆ. ಅದೇ ತಾಮ್ರ ನಮ್ಮೆಲ್ಲರ ಮೈಯಲ್ಲೂ ಇದೆ. ದೊಡ್ಡವರ ದೇಹದಲ್ಲಿ ಸುಮಾರು 100 ಮಿಲಿಗ್ರಾಂ. ಅಷ್ಟು ಇಲ್ಲದಿದ್ದರೆ ಬದುಕು ನಡೆಯದು. ಊಟದಲ್ಲಿ ಬಂದ ಹೆಚ್ಚಿನ ತಾಮ್ರವನ್ನು ಪಿತ್ತಜನಕಾಂಗ, ಅಂದರೆ ಲಿವರ್, ಪಿತ್ತರಸದೊಡನೆ ಹೊರಹಾಕುತ್ತದೆ. ಈ ಕೆಲಸ ಹುಟ್ಟಿನಿಂದಲೇ ಕೆಟ್ಟಿದ್ದರೆ ತಾಮ್ರ ಮೊದಲು ಲಿವರಿನಲ್ಲಿ, ಆಮೇಲೆ ಮಿದುಳಿನಲ್ಲಿ ಕೂಡುತ್ತಾ ಹೋಗುತ್ತದೆ. ಇದೇ ವಿಲ್ಸನ್ ರೋಗ. ವಂಶದಲ್ಲಿ ಬರುವ ನರರೋಗಗಳ ಪೈಕಿ ಒಳ್ಳೆಯ ಔಷಧವಿರುವುದು ಕೆಲವಕ್ಕೆ ಮಾತ್ರ; ಅವುಗಳಲ್ಲಿ ಇದೂ ಒಂದು. ಪ್ರಯೋಗಶಾಲೆಯಲ್ಲಿ ದಿನ ಕಳೆಯುವ ನಮಗೆ ಆ ಔಷಧ ಬಂದ ದಾರಿಯನ್ನು ಸಂಘದ ಬಂಧುಗಳ ಮುಂದಿಡಬೇಕೆನಿಸಿತು.

ಕಿನಿಯರ್ ವಿಲ್ಸನ್ ಹುಟ್ಟಿದ್ದು ಅಮೆರಿಕದ ನ್ಯೂಜೆರ್ಸಿಯಲ್ಲಿ, ಓದಿದ್ದು ಎಡಿನ್‌ಬರೋದಲ್ಲಿ. 1912ರಲ್ಲಿ, ಇನ್ನೂ ಮೂವತ್ತನಾಲ್ಕು ತುಂಬುವ ಮೊದಲೇ, ಲಂಡನ್ನಿನ ನರರೋಗಗಳ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾ ಇನ್ನೂರಕ್ಕೂ ಹೆಚ್ಚು ಪುಟಗಳ ಪ್ರಬಂಧವೊಂದನ್ನು ಅಚ್ಚು ಹಾಕಿಸಿದರು. ಹರೆಯದ ಹುಡುಗ ಹುಡುಗಿಯರಿಗೆ ಕೈ ನಡುಕ, ಮಾತು ತೊದಲುವುದು, ನುಂಗಲಾಗದೆ ಜೊಲ್ಲು ಸುರಿಯುವುದು, ಮೈ ಬಿಗಿಯುವುದು, ಕೊನೆಗೆ ಸಾವು. ಶವಪರೀಕ್ಷೆಯಲ್ಲಿ ಮಿದುಳಿನ ಮಸೂರದಾಕಾರದ ಭಾಗ ಶಿಥಿಲ, ಲಿವರ್ ಗಂಟುಗಂಟು. ಅಣ್ಣ ತಂಗಿಯರಲ್ಲಿ ಇದು ಜೊತೆಯಾಗಿ ಕಾಣುವುದನ್ನು ಅವರು ಗಮನಿಸಿದ್ದರು. ಆದರೂ ಇದು ಆನುವಂಶಿಕವಲ್ಲ, ಯಾವುದೋ ವಿಷದ ಕೆಲಸ ಎಂದು ಬರೆದರು. ವಿಷವೆಂಬುದು ನಿಜವಾಯಿತು, ಆನುವಂಶಿಕವಲ್ಲ ಎಂಬುದು ಸುಳ್ಳಾಯಿತು. ಅಪ್ಪ ಅಮ್ಮ ಇಬ್ಬರೂ ಗಟ್ಟಿಮುಟ್ಟಾಗಿರುವಾಗ ವಂಶದ ದೋಷವೆಂದು ಯಾರಿಗೆ ತಾನೆ ಹೊಳೆದೀತು?

ಆ ವಿಷ ತಾಮ್ರವೆಂಬುದು ಖಚಿತವಾಗಲು 1948 ಬರಬೇಕಾಯಿತು. ಲಂಡನ್ನಿನ ಕಮಿಂಗ್ಸ್ ಸತ್ತ ರೋಗಿಗಳ ಮಿದುಳು ಮತ್ತು ಲಿವರುಗಳಲ್ಲಿ ಅತಿಯಾದ ತಾಮ್ರವನ್ನು ಅಳೆದು ತೋರಿಸಿದರು. ಕಾರಣ ಲೋಹವಾದರೆ ಮದ್ದು ರಸಾಯನಶಾಸ್ತ್ರದಲ್ಲಿರಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಕ್ಸ್‌ಫರ್ಡಿನ ಪೀಟರ್ಸ್ ಮತ್ತು ಸಂಗಡಿಗರು ಲೂಯಿಸೈಟ್ ಎಂಬ ಆರ್ಸೆನಿಕ್ ವಿಷಾನಿಲಕ್ಕೆ ಪ್ರತಿವಿಷವೊಂದನ್ನು ತಯಾರಿಸಿದ್ದರು. ಅದರ ಅಣುವಿನಲ್ಲಿರುವ ಎರಡು ಗಂಧಕದ ಕೈಗಳು ಲೋಹವನ್ನು ಇಕ್ಕುಳದಂತೆ ಹಿಡಿಯುತ್ತವೆ. 1951ರಲ್ಲಿ ಲಂಡನ್ ಮತ್ತು ಬಾಸ್ಟನ್ ಎರಡೂ ಕಡೆ ಅದನ್ನು ವಿಲ್ಸನ್ ರೋಗಿಗಳಿಗೆ ಕೊಟ್ಟು ನೋಡಿದರು, ಕೆಲವರು ಚೇತರಿಸಿಕೊಂಡರು. ಆದರೆ ಅದು ಸ್ನಾಯುವಿಗೆ ಚುಚ್ಚುವ, ಬಹಳ ನೋಯುವ ಇಂಜೆಕ್ಷನ್. ಜೀವಮಾನವಿಡೀ ಯಾರು ಚುಚ್ಚಿಸಿಕೊಂಡಾರು!

ಮುಂದಿನದು ನಮಗೆ ಬಹಳ ಮೆಚ್ಚಿಗೆಯಾದ ಭಾಗ. ಲಂಡನ್ನಿನಲ್ಲಿ ಜಾನ್ ವಾಲ್ಷ್ ಎಂಬ ಯುವ ವೈದ್ಯರು ಲಿವರ್ ರೋಗಿಗಳ ಮೂತ್ರವನ್ನು ಕಾಗದದ ಕ್ರೊಮೆಟೋಗ್ರಫಿಯಿಂದ ಪರೀಕ್ಷಿಸುತ್ತಿದ್ದಾಗ, ಪೆನಿಸಿಲಿನ್ ತೆಗೆದುಕೊಂಡಿದ್ದವರಲ್ಲಿ ಅಪರಿಚಿತ ಚುಕ್ಕೆಯೊಂದು ಕಂಡಿತು. ಅದು ಪೆನಿಸಿಲಿನ್ ಒಡೆದು ಬಂದ ಪೆನಿಸಿಲಮೀನ್. ಅವರು ಬಾಸ್ಟನ್ನಿಗೆ ಬಂದು, ಅಲ್ಲಿ ವಿಲ್ಸನ್ ರೋಗಿಯೊಬ್ಬರನ್ನು ನೋಡಿದಾಗ ಆ ಅಣುವಿನ ಆಕಾರ ನೆನಪಾಯಿತು: ಒಂದು ಗಂಧಕದ ಕೈ, ಒಂದು ಸಾರಜನಕದ ಕೈ, ತಾಮ್ರವನ್ನು ಹಿಡಿಯಲು ಸಾಕು. ಪೆನಿಸಿಲಿನ್ನನ್ನು ಪ್ರಯೋಗಶಾಲೆಯಲ್ಲೇ ಕಟ್ಟಲು ಹೆಣಗುತ್ತಿದ್ದ ಎಂ.ಐ.ಟಿ.ಯ ಶೀಹನ್ನರಿಂದ ಸ್ವಲ್ಪ ಪುಡಿ ಪಡೆದು, ಮೊದಲು ತಾವೇ ನುಂಗಿ, ಏನೂ ಆಗಲಿಲ್ಲವೆಂದು ಖಾತ್ರಿಯಾದ ಮೇಲೆ ರೋಗಿಗೆ ಕೊಟ್ಟರು. ಮೂತ್ರದಲ್ಲಿ ತಾಮ್ರ ಧಾರಾಳವಾಗಿ ಹೊರಬಂತು. ಫಲಿತಾಂಶ 1956ರಲ್ಲಿ ಪ್ರಕಟವಾಯಿತು. ಇಂದು ಯಾವ ಸಮಿತಿಯೂ ಇಂಥ ಪ್ರಯೋಗಕ್ಕೆ ಒಪ್ಪಿಗೆ ಕೊಡಲಾರದು!

ಈ ಮಾತ್ರೆ ನಿರಪಾಯಕಾರಿಯಲ್ಲ. ಮೂತ್ರಪಿಂಡ, ಚರ್ಮ, ರಕ್ತಗಳಿಗೆ ತೊಂದರೆಯಾಗಬಹುದು. ನರಲಕ್ಷಣಗಳಿದ್ದ ಕೆಲವರಿಗೆ ಶುರುವಿನಲ್ಲಿ ರೋಗ ಹೆಚ್ಚಿದ್ದೂ ಉಂಟು. ಪೆನಿಸಿಲಮೀನ್ ಒಗ್ಗದವರಿಗಾಗಿ ವಾಲ್ಷ್ ಅವರೇ 1969ರಲ್ಲಿ ಟ್ರೈಯೆಂಟೀನ್ ತಂದರು. ಬಳಿಕ ಸತುವಿನ ಲವಣ ಬಂತು. ಅದು ಕರುಳಿನಲ್ಲೇ ತಾಮ್ರವನ್ನು ತಡೆಯುತ್ತದೆ, ಬೆಲೆಯೂ ಕಡಿಮೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 2008ರಲ್ಲಿ ಪ್ರಕಟಿಸಿದ ಅನುಭವದ ಪ್ರಕಾರ, ಎರಡನ್ನೂ ತೆಗೆದುಕೊಂಡು ಸ್ಥಿರವಾದವರಲ್ಲಿ ಪೆನಿಸಿಲಮೀನ್ ನಿಲ್ಲಿಸಿ ಸತು ಮಾತ್ರ ಮುಂದುವರಿಸಿದರೂ ಹೆಚ್ಚಿನವರು ಚೆನ್ನಾಗಿಯೇ ಇದ್ದರು. ಮಾತ್ರೆಯ ಖರ್ಚಿಗೆ ಹೆದರಿ ಚಿಕಿತ್ಸೆಯನ್ನೇ ಬಿಡುವ ಸಂಸಾರಕ್ಕೆ ಇದು ಸಣ್ಣ ಸುದ್ದಿಯಲ್ಲ. ಗುಣವಾಯಿತೆಂದು ಎಲ್ಲ ಔಷಧವನ್ನೂ ಬಿಟ್ಟವರಿಗೆ ಮಾತ್ರ ರೋಗ ಮರಳುತ್ತದೆ, ಎಷ್ಟೋ ಸಲ ಮೊದಲಿಗಿಂತ ಉಗ್ರವಾಗಿ.

ಅದೇ ನಿಮ್ಹಾನ್ಸ್‌ನವರು 2007ರಲ್ಲಿ ಮೂರು ದಶಕಗಳ 282 ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ ಸುಮಾರು ಅರ್ಧದಷ್ಟು ಜನ ರಕ್ತಸಂಬಂಧದ ಮದುವೆಯ ಮಕ್ಕಳು. ಲೆಕ್ಕ ಸರಳ. ದೋಷವಿರುವ ಜೀನ್ ಅಪ್ಪ ಅಮ್ಮ ಇಬ್ಬರಿಂದಲೂ ಬಂದರಷ್ಟೇ ರೋಗ. ಹೊರಗಿನ ಸಂಬಂಧದಲ್ಲಿ ಎದುರಿನವರಲ್ಲೂ ಅದಿರುವ ಸಾಧ್ಯತೆ ಸುಮಾರು 90ರಲ್ಲಿ ಒಂದು. ಅದೇ ಅತ್ತೆಯ ಮಗನಾದರೆ 8ರಲ್ಲಿ ಒಂದು, ಸೋದರಮಾವನಾದರೆ 4ರಲ್ಲಿ ಒಂದು. 'ಗೊತ್ತಿರುವ ಮನೆ, ಹೆಣ್ಣು ಸುಖವಾಗಿರುತ್ತಾಳೆ' ಎಂಬ ಹಿರಿಯರ ಮಾತಿನಲ್ಲಿ ಅರ್ಥವಿಲ್ಲದೆ ಇಲ್ಲ. ಆದರೆ ಜೀನು ಆ ಮಾತನ್ನು ಕೇಳಿಸಿಕೊಳ್ಳುವುದಿಲ್ಲ.

ಹಂಡೆಯ ನೀರು ಈ ರೋಗಕ್ಕೆ ಕಾರಣವಲ್ಲ, ಯಾರೂ ಗಾಬರಿಯಾಗುವುದು ಬೇಡ. ರೋಗವಿರುವವರು ಮಾತ್ರ ತಾಮ್ರದ ಪಾತ್ರೆಯಲ್ಲಿಟ್ಟ ನೀರನ್ನು ಕುಡಿಯಬಾರದು. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿದ ಹಾಲಿಗೂ ಹಸುಗೂಸುಗಳ ಒಂದು ಲಿವರ್ ರೋಗಕ್ಕೂ ನಂಟಿರಬಹುದೆಂದು 1983ರಲ್ಲಿ ಬರೆದದ್ದುಂಟು. ಅದು ಬೇರೆಯೇ ಕಾಯಿಲೆ, ಅದರ ಮಾತು ಇನ್ನೊಮ್ಮೆ.

ಹುಡುಗನ ಕೈಬರಹ ಇದ್ದಕ್ಕಿದ್ದಂತೆ ಕೆಡುತ್ತದೆ, ಅಂಕ ಇಳಿಯುತ್ತದೆ, ಸಿಡುಕು ಹೆಚ್ಚುತ್ತದೆ. ಮನೆಯವರು ಸೋಮಾರಿತನವೆನ್ನುತ್ತಾರೆ, ದೃಷ್ಟಿ ತೆಗೆಸುತ್ತಾರೆ, ತಂಗಿಯ ಮದುವೆಗೆ ಅಡ್ಡಿಯಾದೀತೆಂದು ಮುಚ್ಚಿಡುತ್ತಾರೆ. ಅದೇ ತಂಗಿಗೂ ರೋಗವಿರುವ ಸಂಭವ 4ರಲ್ಲಿ ಒಂದು. ಲಕ್ಷಣ ಕಾಣುವ ಮೊದಲೇ ಮಾತ್ರೆ ಹಿಡಿದರೆ ಆಕೆ ರೋಗವೇ ಕಾಣದೆ ಬಾಳಬಹುದೆಂಬುದು 1968ರಿಂದಲೇ ತಿಳಿದ ಸಂಗತಿ. ರಕ್ತದಲ್ಲಿ ಸೆರುಲೋಪ್ಲಾಸ್ಮಿನ್, ಒಂದು ಹಗಲು ಒಂದು ರಾತ್ರಿಯ ಮೂತ್ರದಲ್ಲಿ ತಾಮ್ರ, ಕಣ್ಣಿನ ಡಾಕ್ಟರ ದೀಪದಡಿ ಕರಿಯಾಲಿಯ ಸುತ್ತಂಚಿನಲ್ಲಿ ಹಸಿರುಗಂದು ಉಂಗುರವಿದೆಯೇ ಎಂಬ ತಪಾಸಣೆ, ಇವು ಮೊದಲ ಪರೀಕ್ಷೆಗಳು. ಜೀನ್ 1993ರಲ್ಲಿ ಸಿಕ್ಕಿತು. ಅಣ್ಣನ ಜೀನಿನ ದೋಷ ಯಾವುದೆಂದು ಗೊತ್ತಾಗಿದ್ದರೆ ತಂಗಿಗೆ ಒಂದು ಚೂರು ರಕ್ತ ಸಾಕು.